ಗೃಹರಕ್ಷಕ, ಪೌರರಕ್ಷಣೆ, ಆಪದ ಮಿತ್ರ: ಗೊಂದಲ ಬಿಡಿಸುವ ಟಿಪ್ಪಣಿ

ಮೂರರಲ್ಲೂ ಸ್ವಯಂಸೇವಕರೇ ಇರುವುದರಿಂದ ಉತ್ತರಪತ್ರಿಕೆಯಲ್ಲಿ ಇವು ಕಲಸಿಹೋಗುತ್ತವೆ. ಪ್ರತಿಯೊಂದೂ ಯಾವ ಭಯಕ್ಕೆ ಹುಟ್ಟಿತು ಎಂದು ನೋಡಿಕೊಂಡರೆ ಮರೆಯುವುದಿಲ್ಲ.

ಗೃಹರಕ್ಷಕ ದಳ ಹುಟ್ಟಿದ್ದು ಗಲಭೆಯ ಭಯಕ್ಕೆ: 1946ರ ಡಿಸೆಂಬರ್ 6, ಬಾಂಬೆ ಪ್ರಾಂತ್ಯ. 1962ರ ಚೀನಾ ಯುದ್ಧದ ನಂತರ ದೇಶದಾದ್ಯಂತ ಮರುಸಂಘಟನೆಯಾಯಿತು. ನಮ್ಮ ರಾಜ್ಯದ ಗೃಹರಕ್ಷಕರ ಕಾಯ್ದೆಯೂ 1962ರದ್ದೇ. ಜಿಲ್ಲೆಗೊಬ್ಬ ಸಮಾದೇಷ್ಟರು (ಕಮಾಂಡೆಂಟ್), ಅವರ ಕೆಳಗೆ ಘಟಕಗಳು. ಗೃಹರಕ್ಷಕರಿಗೆ ಸಂಬಳವಿಲ್ಲ, ಕರೆದ ದಿನಕ್ಕೆ ಕರ್ತವ್ಯ ಭತ್ಯೆ. ಆ ಭತ್ಯೆ ತಿಂಗಳಿಗೆ ಲೆಕ್ಕ ಹಾಕಿದರೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗುವಂತಿರಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ‘ಸ್ವಯಂಸೇವೆ’ ಎಂಬ ಪದ ಇಲ್ಲಿ ಎಷ್ಟು ಸಡಿಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಪೌರರಕ್ಷಣೆ ಹುಟ್ಟಿದ್ದು ವೈಮಾನಿಕ ದಾಳಿಯ ಭಯಕ್ಕೆ. ಕಾಯ್ದೆ 1968ರದ್ದು, 2009ರ ತಿದ್ದುಪಡಿ ವಿಪತ್ತು ನಿರ್ವಹಣೆಯನ್ನೂ ಅದರೊಳಗೆ ತಂದಿತು. ಅಗ್ನಿಶಮನ, ರಕ್ಷಣೆ, ಗಾಯಾಳು ಸಾಗಣೆ, ಸಂವಹನ ಹೀಗೆ 12 ಸೇವೆಗಳಿದ್ದರೂ ಇಡೀ ವ್ಯವಸ್ಥೆಯ ಬೆನ್ನೆಲುಬು ವಾರ್ಡನ್, ಅಂದರೆ ತನ್ನ ಬಡಾವಣೆಯ ಜನರನ್ನು ನೋಡಿಕೊಳ್ಳುವ ಸ್ವಯಂಸೇವಕ. ಸುಮಾರು 10,000 ಜನಕ್ಕೆ ಒಂದು ವಾರ್ಡನ್ ಪೋಸ್ಟ್, ಅದರೊಳಗೆ ಸುಮಾರು 2,000 ಜನರ ಸೆಕ್ಟರ್‌ಗಳು. ಇಷ್ಟು ಚಿಕ್ಕದು ಯಾಕೆ? ಮನೆ ಕುಸಿದಾಗ ರಕ್ಷಣಾ ತಂಡ ಮೊದಲು ಕೇಳುವುದು ‘ಒಳಗೆ ಎಷ್ಟು ಜನ, ಯಾವ ಕೋಣೆಯಲ್ಲಿ ಮಲಗುತ್ತಾರೆ’ ಎಂದು. ಅದಕ್ಕೆ ಉತ್ತರ ಗೊತ್ತಿರುವುದು ಅದೇ ಬೀದಿಯವನಿಗೆ. ಬೇರೆ ಬಡಾವಣೆಯವನನ್ನು ತಂದು ವಾರ್ಡನ್ ಮಾಡಿದರೆ ಹುದ್ದೆ ತುಂಬುತ್ತದೆ, ಕೆಲಸ ಆಗುವುದಿಲ್ಲ.

ಆಪದ ಮಿತ್ರ ಈಚಿನದು, ಹುಟ್ಟಿದ್ದು ಪ್ರವಾಹದ ಭಯಕ್ಕೆ: ವಿಪತ್ತಿನಲ್ಲಿ ನೆರವಾಗಲು ಊರಿನವರಿಗೇ ತರಬೇತಿ ಕೊಡುವ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಯೋಜನೆ. 2016ರಲ್ಲಿ 30 ಪ್ರವಾಹಪೀಡಿತ ಜಿಲ್ಲೆಗಳಲ್ಲಿ ತಲಾ 200 ಜನರಂತೆ ಆರಂಭವಾಗಿ, ಮುಂದೆ 350 ಜಿಲ್ಲೆ, 1 ಲಕ್ಷ ಜನ ಎಂಬ ಗುರಿಗೆ ಬೆಳೆಯಿತು. 12 ದಿನಗಳ ತರಬೇತಿ, ಜೊತೆಗೆ ಲೈಫ್ ಜಾಕೆಟ್, ಹೆಲ್ಮೆಟ್, ಸೀಟಿ, ಟಾರ್ಚ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರುವ ಕಿಟ್. ಎಡವುವುದು ತರಬೇತಿಯ ನಂತರ. ಕವಾಯತು ನಿಂತರೆ ಕೈ ಮರೆಯುತ್ತದೆ. ಊರು ಬಿಟ್ಟವರ ಫೋನ್ ನಂಬರು ಮಾತ್ರ ಪಟ್ಟಿಯಲ್ಲಿ ಉಳಿಯುತ್ತದೆ.

ಕೈ ಮರೆಯುವುದೆಂದರೆ ಏನು? ಎಸೆಯುವ ಹಗ್ಗವನ್ನೇ ನೋಡಿ. ಹಗ್ಗದ ತುದಿಯನ್ನು ಮುಷ್ಟಿಯಲ್ಲಿ ಹಿಡಿಯಬೇಕು, ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು: ಸೆಳೆತ ಜಗ್ಗಿದರೆ ಬಿಡಲು ಆಗದೆ ಎಸೆದವನೂ ನೀರಿಗೆ. ಕೊಚ್ಚಿಹೋಗುತ್ತಿರುವವನಿಗೆ ಮುಟ್ಟುವಂತಲ್ಲ, ಅವನ ತಲೆ ದಾಟಿ ಬೀಳುವಂತೆ ಎಸೆಯಬೇಕು, ಹಗ್ಗ ಅವನ ಎದೆಯ ಮೇಲೆ ಬರಲಿ. ಅವನು ಹಿಡಿದ ಮೇಲೆ ನೇರವಾಗಿ ಎಳೆಯುವ ಹಟ ಬೇಡ. ಕಾಲು ಗಟ್ಟಿಯಾಗಿ ಊರಿ ನಿಂತರೆ ಹರಿವೇ ಅವನನ್ನು ಲೋಲಕದಂತೆ ದಡಕ್ಕೆ ತರುತ್ತದೆ. ನೀರಿಗೆ ಇಳಿಯುವುದು ಕೊನೆಯ ದಾರಿ. ಕೈ ಅಥವಾ ಕೋಲು ಚಾಚುವುದು, ಹಗ್ಗ ಎಸೆಯುವುದು, ದೋಣಿ ಒಯ್ಯುವುದು ಇವೆಲ್ಲ ಅದಕ್ಕಿಂತ ಮೊದಲು.

ಇನ್ನು ಸ್ಥಳದಲ್ಲಿ ಯಾರ ಮಾತು ನಡೆಯಬೇಕು? ವಿಪತ್ತಿನ ಸ್ಥಳದಲ್ಲಿ ಯಾರು ಯಾರ ಕೆಳಗೆ ಎಂದು ಹೇಳುವ 2010ರ ಘಟನಾ ಸ್ಪಂದನಾ ವ್ಯವಸ್ಥೆಯ (ಇನ್ಸಿಡೆಂಟ್ ರೆಸ್ಪಾನ್ಸ್ ಸಿಸ್ಟಮ್) ಮಾರ್ಗಸೂಚಿ ಒಬ್ಬ ಮೇಲ್ವಿಚಾರಕನ ಮಾತಿನಡಿ ಸುಮಾರು ಐವರು ಎನ್ನುತ್ತದೆ. ಕರೆಯದೆ ಓಡಿಬಂದ ಉತ್ಸಾಹಿಗಳು ಈ ಲೆಕ್ಕ ಕೆಡಿಸುತ್ತಾರೆ. ಅವರನ್ನು ಓಡಿಸಬೇಕಿಲ್ಲ, ಬರುವಾಗ, ಹೋಗುವಾಗ ಹೆಸರು, ಸಮಯ ಬರೆಸಿ ಮರಳು ಚೀಲ, ಊಟದ ಹಂಚಿಕೆಗೆ ಹಾಕಿದರೆ ಸಾಕು. ಆ ಪುಟ್ಟ ಪುಸ್ತಕ ಇಲ್ಲದಿದ್ದರೆ ರಾತ್ರಿ ಯಾರು ಮನೆಗೆ ಹೋದರು, ಯಾರು ಕಾಣೆಯಾದರು ಎಂದು ಹೇಳುವವರೇ ಇರುವುದಿಲ್ಲ.