ಒಂದು ಉದ್ದ ಬೀಪ್, ಎರಡು ಗಿಡ್ಡ ಬೀಪ್

ಸಾಗರದಲ್ಲಿ ನನ್ನ ಸೋದರಮಾವನದು ಒಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ಗೃಹಪ್ರವೇಶದ ಕಾರ್ಡು ಇಂಥ ಕೆಲಸ. ಅಂಗಡಿಯ ಮೂಲೆಯಲ್ಲಿ ಒಂದು ಪೆಂಟಿಯಂ 3 ಕಂಪ್ಯೂಟರ್ ಇನ್ನೂ ದುಡೀತಾ ಇದೆ. ಅದನ್ನು ಗುಜರಿಗೆ ಹಾಕುವ ಹಾಗಿಲ್ಲ. ಹಳೇ ಕನ್ನಡ ಫಾಂಟ್ ಸಾಫ್ಟ್‌ವೇರಿನ ಡಾಂಗಲ್ ಅದರ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದ್ದು. ಡಾಂಗಲ್ ಇಲ್ಲದೆ ಸಾಫ್ಟ್‌ವೇರ್ ತೆರೆಯುವುದಿಲ್ಲ, ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟೇ ಇಲ್ಲ. ಹಳೇ ಗಿರಾಕಿಗಳ ಫೈಲೆಲ್ಲ ಅದರೊಳಗೇ ಇವೆ.

ಕಳೆದ ಮಳೆಗಾಲದಲ್ಲಿ ಒಂದು ದಿನ ಅದನ್ನು ಆನ್ ಮಾಡಿದರೆ ಫ್ಯಾನ್ ತಿರುಗಿತು, ಸ್ಕ್ರೀನ್ ಮಾತ್ರ ಕರ್ರಗೆ. ಒಳಗಿಂದ ಒಂದು ಉದ್ದ ಬೀಪ್, ಹಿಂದೆಯೇ ಎರಡು ಗಿಡ್ಡ ಬೀಪ್. ಮಾವ ಅದನ್ನು ಫೋನಿನಲ್ಲೇ ಕೇಳಿಸಿ, "ಹೋಯ್ತೇನೋ ಇದು?" ಅಂದರು.

ಹೋಗಿರಲಿಲ್ಲ. ಹೋಗಿದ್ದರೆ ಬೀಪ್ ಕೂಡ ಬರುತ್ತಿರಲಿಲ್ಲ. ಅವಾರ್ಡ್ ಕಂಪನಿಯ ಬಯಾಸ್ (ಆನ್ ಮಾಡಿದ ಕೂಡಲೇ ಭಾಗಗಳನ್ನೆಲ್ಲ ಪರೀಕ್ಷಿಸುವ ಪುಟ್ಟ ಪ್ರೋಗ್ರಾಂ) ಇರುವ ಮದರ್‌ಬೋರ್ಡುಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಅಂದರೆ 'ನನಗೆ ಗ್ರಾಫಿಕ್ಸ್ ಕಾರ್ಡ್ ಸಿಗುತ್ತಿಲ್ಲ' ಅಂತ ಅರ್ಥ. ಚಿತ್ರ ತೋರಿಸುವ ಭಾಗವೇ ಕೈಕೊಟ್ಟಾಗ ಪಾಪ ಅದು ಇನ್ನು ಹೇಗೆ ಹೇಳಬೇಕು! ಸಾಗರಕ್ಕೆ ಹೋಗಿ ಡಬ್ಬ ಬಿಚ್ಚಿದೆ. ಕಾರ್ಡಿನ ಮೇಲಿನ ಎರಡು ಕೆಪಾಸಿಟರ್ ಪೂರಿ ಹಾಗೆ ಉಬ್ಬಿದ್ದವು.

ಬೆಂಗಳೂರಿಗೆ ವಾಪಸ್ ಬಂದವನು ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಬೇರೆ ಕಾರ್ಡು ಹುಡುಕಿದೆ. ಮಾವನ ಬೋರ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡು ಕೂರುವ ಸ್ಲಾಟಿಗೆ ಎಜಿಪಿ ಅಂತ ಹೆಸರು. "ಇದು 8ಎಕ್ಸ್ ಸರ್, ನಿಮ್ಮ ಹಳೇದಕ್ಕಿಂತ ಫಾಸ್ಟು. ಎಲ್ಲಾ ಎಜಿಪಿನೇ, ಹಾಕಿ ನೋಡಿ" ಅಂದ ಅಂಗಡಿಯವನು. ಪೆಟ್ಟಿಗೆ ಮೇಲಿನ ವೇಗದ ಅಂಕಿ ನೋಡಿ ನಾನೂ ತಂದುಬಿಟ್ಟೆ. ಸಾಗರಕ್ಕೆ ಹೋಗಿ ನೋಡಿದರೆ ಕಾರ್ಡು ಸ್ಲಾಟಿನೊಳಗೆ ಇಳಿಯಲೇ ಇಲ್ಲ.

ಇಳಿಯದೇ ಇದ್ದದ್ದು ನನ್ನ ಪುಣ್ಯ. ಜೋರು ಮಾಡಿ ಒತ್ತಿದ್ದರೆ ಕಾರ್ಡು ಸುಡುತ್ತಿತ್ತು. ವೇಗದ ಅಂಕಿ ಇಲ್ಲಿ ಅಷ್ಟು ದೊಡ್ಡ ವಿಷಯವಲ್ಲ. ಕಾರ್ಡು 4ಎಕ್ಸ್, ಬೋರ್ಡು 2ಎಕ್ಸ್ ಆದರೆ ಎರಡೂ ಒಪ್ಪಿಕೊಂಡು 2ಎಕ್ಸ್‌ನಲ್ಲಿ ಓಡುತ್ತವೆ. ವೋಲ್ಟೇಜ್ ವಿಷಯದಲ್ಲಿ ಮಾತ್ರ ಇಂಥ ರಾಜಿ ಇಲ್ಲ.

ಎಜಿಪಿ ಅಂದರೆ ಗ್ರಾಫಿಕ್ಸ್ ಕಾರ್ಡಿಗೆಂದೇ ಇಂಟೆಲ್ 1996ರಲ್ಲಿ ಮಾಡಿದ ಸ್ಲಾಟು. ಬೋರ್ಡಿನಲ್ಲಿ ಬೇರೆ ಬೇರೆ ಕಾರ್ಡುಗಳಿಗಿರುವ ಬಿಳೀ ಪಿಸಿಐ ಸ್ಲಾಟುಗಳ ಪಕ್ಕ ಸಾಮಾನ್ಯವಾಗಿ ಕಂದು ಬಣ್ಣದಲ್ಲಿ ಒಂಟಿಯಾಗಿ ಇರುತ್ತಲ್ಲ, ಅದೇ. ಮೊದಲ ಆವೃತ್ತಿಯಲ್ಲಿ 1ಎಕ್ಸ್ ಮತ್ತು 2ಎಕ್ಸ್ ವೇಗ, ತಂತಿಗಳ ಮೇಲೆ ಓಡುವ ಸಿಗ್ನಲ್ 3.3 ವೋಲ್ಟ್. 1998ರ ಎರಡನೇ ಆವೃತ್ತಿ 4ಎಕ್ಸ್ ತಂದಿತು, ಸಿಗ್ನಲ್ 1.5 ವೋಲ್ಟ್‌ಗೆ ಇಳಿಯಿತು. 2002ರಲ್ಲಿ 8ಎಕ್ಸ್ ಬಂದಾಗ ಸಿಗ್ನಲ್ 0.8 ವೋಲ್ಟ್.

ವೇಗ ಜಾಸ್ತಿಯಾದ ಹಾಗೆ ವೋಲ್ಟ್ ಯಾಕೆ ಇಳಿಯಬೇಕು? 4ಎಕ್ಸ್‌ನಲ್ಲಿ ಒಂದೊಂದು ತಂತಿಯ ಮೇಲೂ ಸೆಕೆಂಡಿಗೆ 26 ಕೋಟಿಗಿಂತ ಜಾಸ್ತಿ ಸಲ ಮಾಹಿತಿ ದಾಟಬೇಕು. ಪ್ರತಿ ಸಲವೂ ತಂತಿಯನ್ನು ಮೇಲಕ್ಕೆ ತುಂಬಿಸಬೇಕು, ಇಲ್ಲವೇ ಕೆಳಕ್ಕೆ ಖಾಲಿ ಮಾಡಬೇಕು. ಇಡೀ ಕೊಡ ತುಂಬಿಸಿ ಚೆಲ್ಲುವುದಕ್ಕಿಂತ ಅರ್ಧ ಕೊಡ ತುಂಬಿಸಿ ಚೆಲ್ಲುವುದು ಬೇಗ ಆಗುತ್ತೆ ಅಲ್ವಾ? ಇನ್ನೊಂದು ಕಾರಣವೂ ಇದೆ. ಚಿಪ್ಪಿನ ಟ್ರಾನ್ಸಿಸ್ಟರ್ ಸಣ್ಣದಾದ ಹಾಗೆಲ್ಲ ಅದರೊಳಗಿನ ನಿರೋಧಕ ಪದರ ತೆಳ್ಳಗಾಗುತ್ತೆ. ತೆಳ್ಳಗಿನ ಪದರಕ್ಕೆ 3.3 ವೋಲ್ಟ್ ತಡಕೊಳ್ಳುವ ತಾಕತ್ತು ಇರುವುದಿಲ್ಲ.

ಒಂದರದ್ದು ಇನ್ನೊಂದಕ್ಕೆ ಹೋಗದಿರಲಿ ಅಂತ ಸ್ಲಾಟಿನೊಳಗೆ ಒಂದು ಪ್ಲಾಸ್ಟಿಕ್ ತಡೆ ಇಟ್ಟರು, ಅದಕ್ಕೆ ಸರಿಯಾಗಿ ಕಾರ್ಡಿನ ಅಂಚಿನಲ್ಲಿ ಒಂದು ಕಚ್ಚು. ಮಾನಿಟರ್ ಕೇಬಲ್ ಸಿಕ್ಕಿಸುವ ತಗಡಿನ ಪಟ್ಟಿ ಇದೆಯಲ್ಲ, ಕಚ್ಚು ಅದಕ್ಕೆ ಹತ್ತಿರ ಇದ್ದರೆ 3.3 ವೋಲ್ಟ್. ದೂರ ಇದ್ದರೆ 1.5. ಎರಡೂ ಕಡೆ ಕಚ್ಚು ಇದ್ದರೆ ಎರಡಕ್ಕೂ ಸೈ. ಮಾವನ ಬೋರ್ಡು ಇಂಟೆಲಿನ 440ಬಿಎಕ್ಸ್ ಚಿಪ್‌ಸೆಟ್‌ನದು (ಚಿಪ್‌ಸೆಟ್ ಅಂದರೆ ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್ಪುಗಳು), 3.3 ಮಾತ್ರ. ನಾನು ತಂದ ಕಾರ್ಡಿಗೆ ದೂರದ ಕಚ್ಚು ಒಂದೇ ಇತ್ತು. ಅಂಗಡಿಯಲ್ಲೇ ತಿರುಗಿಸಿ ನೋಡಿದ್ದರೆ ಒಂದು ಬಸ್ ಚಾರ್ಜು ಉಳಿಯುತ್ತಿತ್ತು.

ತಡೆಯೇ ಇಲ್ಲದ ಸ್ಲಾಟೂ ಉಂಟು. ಅಲ್ಲಿ ಕಾರ್ಡಿನ ಒಂದು ಪಿನ್ನು ಬೋರ್ಡಿಗೆ ಸುಳಿವು ಕೊಡುತ್ತೆ. ಆ ಪಿನ್ನು ಗ್ರೌಂಡಿಗೆ ಸೇರಿದ್ದರೆ 1.5 ವೋಲ್ಟ್ ಕೊಡು, ಸುಮ್ನೆ ಬಿಟ್ಟಿದ್ದರೆ 3.3 ಕೊಡು ಅಂತ. ಅಚ್ಚುಕಟ್ಟಾದ ಏರ್ಪಾಡು.

ಆದರೆ ಸುಳ್ಳು ಹೇಳುವ ಕಾರ್ಡುಗಳೂ ಇದ್ದವು. ಒಳಗೆ ಬರೀ 3.3, ಅಂಚಿನಲ್ಲಿ ಎರಡು ಕಚ್ಚು. ಇಂಥದ್ದು 1.5 ವೋಲ್ಟ್ ಮಾತ್ರ ಗೊತ್ತಿರುವ ಬೋರ್ಡಿಗೆ ಹೋದರೆ ಬಲಿಯಾಗುವುದು ಕಾರ್ಡಲ್ಲ, ಬೋರ್ಡಿನ ಚಿಪ್‌ಸೆಟ್. 2001ರಲ್ಲಿ ಪೆಂಟಿಯಂ 4ಕ್ಕಾಗಿ ಬಂದ ಇಂಟೆಲ್ 845 ಅಂಥ ಚಿಪ್‌ಸೆಟ್. ಆಮೇಲೆ ಕೆಲವು ಬೋರ್ಡುಗಳಲ್ಲಿ ಸ್ಲಾಟಿನ ಹತ್ತಿರ ಒಂದು ಪುಟ್ಟ ದೀಪ ಇಟ್ಟರು. ತಪ್ಪು ಕಾರ್ಡು ಹಾಕಿದರೆ ಅದು ಹತ್ತಿಕೊಳ್ಳುತ್ತೆ, ಕಂಪ್ಯೂಟರ್ ಆನ್ ಆಗುವುದಿಲ್ಲ. ಹಾಗಾಗಿ ಪೆಂಟಿಯಂ 4 ಬೋರ್ಡಿಗೆ ಗುರುತಿಲ್ಲದ ಹಳೇ ಕಾರ್ಡು ಹಾಕುವ ಮುಂಚೆ ಕಚ್ಚಿನ ಜೊತೆ ಚಿಪ್ಪಿನ ಹೆಸರನ್ನೂ ಓದಿ.

ನಾನು ಎರಡನೇ ಸಲ ತಂದದ್ದು ಎರಡು ಕಚ್ಚಿನ ಜಿಫೋರ್ಸ್2 ಎಂಎಕ್ಸ್ ಕಾರ್ಡು. ಇದು ಜಾಸ್ತಿ ಕರೆಂಟ್ ಎಳೆಯುವುದಿಲ್ಲ ಅನ್ನುವುದೂ ಒಂದು ಕಾರಣ. ಅದರ ಅಣ್ಣ ಮೊದಲ ಜಿಫೋರ್ಸ್ ಬಂದಾಗ ಸೂಪರ್ ಸಾಕೆಟ್ 7 ಅನ್ನುವ ಹಳೇ ಬಗೆಯ ಬೋರ್ಡಿನವರು ಒದ್ದಾಡಿದ್ದರು. ವೋಲ್ಟೇಜ್ ಹೊಂದುತ್ತಿತ್ತು, ಕಚ್ಚೂ ಹೊಂದುತ್ತಿತ್ತು. ಆದರೆ ಸ್ಲಾಟಿಗೆ 3.3 ವೋಲ್ಟ್ ಕೊಡುವ ರೆಗ್ಯುಲೇಟರಿಗೆ ಆ ಹಸಿವು ನೀಗಿಸಲು ಆಗುತ್ತಿರಲಿಲ್ಲ. ಆಟದ ಮಧ್ಯೆ ಕಂಪ್ಯೂಟರ್ ನಿಂತುಬಿಡುತ್ತಿತ್ತು.

ಈ ಸಲ ಕಾರ್ಡು ಸಲೀಸಾಗಿ ಇಳಿಯಿತು. ಸ್ಕ್ರೂ ಬಿಗಿ ಮಾಡಿದೆ, ಆನ್ ಮಾಡಿದೆ. ಒಂದು ಉದ್ದ, ಎರಡು ಗಿಡ್ಡ. ಮತ್ತೆ! ಟಾರ್ಚ್ ಹಾಕಿ ಬದಿಯಿಂದ ನೋಡಿದಾಗ ಗೊತ್ತಾಯಿತು. ಡಬ್ಬದ ತಗಡು ಸ್ವಲ್ಪ ಸೊಟ್ಟಗಿತ್ತು. ಮುಂದೆ ಸ್ಕ್ರೂ ತಿರುಗಿಸಿದರೆ ಹಿಂದಿನ ತುದಿ ಕೂದಲೆಳೆಯಷ್ಟು ಮೇಲೆದ್ದು ಬರುತ್ತಿತ್ತು. ಎಜಿಪಿಯ ಪಿನ್ನುಗಳು ಎರಡು ಸಾಲಿನಲ್ಲಿ ಒತ್ತೊತ್ತಾಗಿ ಇರುತ್ತವೆ, ಅಷ್ಟು ಎದ್ದರೂ ಸಾಕು. ಮುಂದಿನ ಕಾಲದ ಸ್ಲಾಟುಗಳ ತುದಿಯಲ್ಲಿ ಕಾಣುವ ಕೊಕ್ಕೆ ಇದಕ್ಕೇ ಬಂದದ್ದು. ಸ್ಕ್ರೂ ಸಡಿಲ ಮಾಡಿ, ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿದೆ. ಸ್ಕ್ರೀನ್ ಬಂತು. ಮಾವ ಟೀ ತರಿಸಿದರು.

(ಇಷ್ಟಕ್ಕೂ ಬರದಿದ್ದರೆ ಒಂದು ಹಳೇ ಪಿಸಿಐ ಕಾರ್ಡು ಹಾಕಿ ಬಯಾಸ್ ಒಳಗೆ ಹೋಗಿ ನೋಡಬಹುದು. ಎಜಿಪಿ ಸೆಟ್ಟಿಂಗ್ ಎಡವಟ್ಟಾಗಿದ್ದರೆ ಅಲ್ಲೇ ಸರಿಮಾಡಬಹುದು. 486 ಪ್ರೊಸೆಸರಿನ ಕಾಲದ ಬೋರ್ಡುಗಳಲ್ಲಿ ಮಾತ್ರ ಹುಷಾರು. ಬಹಳಷ್ಟರಲ್ಲಿ ಪಿಸಿಐ ಸ್ಲಾಟಿಗೆ 3.3 ವೋಲ್ಟ್ ಬರುವುದೇ ಇಲ್ಲ, ಅದನ್ನು ನಂಬಿದ ಹೊಸ ಕಾರ್ಡು ಅಲ್ಲಿ ಸುಮ್ನೆ ಕೂತಿರುತ್ತೆ.)

ಟೀ ಮುಗಿಯುವಷ್ಟರಲ್ಲಿ ವಿಂಡೋಸ್ 98 ಸಿಕ್ಕಿಕೊಂಡಿತು. ಪರದೆ ತುಂಬಾ ರಂಗೋಲಿ ಚುಕ್ಕಿಗಳು. ಬಯಾಸ್ ತೆರೆದು ನೋಡಿದರೆ ಬಸ್ (ಪ್ರೊಸೆಸರಿಗೂ ಚಿಪ್‌ಸೆಟ್‌ಗೂ ನಡುವಿನ ಮಾಹಿತಿಯ ದಾರಿ) ವೇಗ 133 ಮೆಗಾಹರ್ಟ್ಸ್. 440ಬಿಎಕ್ಸ್ ಇರುವುದು 100ಕ್ಕೆ. ಯಾವುದೋ ಕಾಲದಲ್ಲಿ ಯಾರೋ ಪ್ರೊಸೆಸರ್ ಬದಲಿಸಿ ಬಸ್ಸನ್ನೂ ಏರಿಸಿಟ್ಟಿದ್ದಾರೆ. ಈ ಚಿಪ್‌ಸೆಟ್ ಎಜಿಪಿಗೆ ಬಸ್ ವೇಗದ ಮೂರನೇ ಎರಡು ಭಾಗ ಕೊಡುತ್ತೆ, ಇಲ್ಲವೇ ಪೂರ್ತಿ ಕೊಡುತ್ತೆ. ಅರ್ಧ ಮಾಡುವುದು ಅದಕ್ಕೆ ಗೊತ್ತಿಲ್ಲ. 100ರಲ್ಲಿ ಮೂರನೇ ಎರಡು ಅಂದರೆ 66, ಎಜಿಪಿಗೆ ಬೇಕಾದದ್ದೂ ಅಷ್ಟೇ. 133ರಲ್ಲಿ ಅದು 89 ಆಗುತ್ತೆ. ಕೆಲವು ಕಾರ್ಡು ತಡಕೊಳ್ಳುತ್ತವೆ, ಹಳೇದು ಹೇಗೋ ತಡಕೊಂಡಿತ್ತು. ಇದು ತಡಕೊಳ್ಳಲಿಲ್ಲ.

ಬಸ್ಸನ್ನು 100ಕ್ಕೆ ಇಳಿಸಿದೆ. ಬಸ್ಸಿನ ಆರು ಪಟ್ಟು ವೇಗದಲ್ಲಿ ಓಡುವ ಪ್ರೊಸೆಸರ್ ಅದು. 800 ಮೆಗಾಹರ್ಟ್ಸ್ ಇದ್ದದ್ದು ಈಗ 600. ರಂಗೋಲಿ ಹೋಯಿತು, ಸಂಜೆವರೆಗೂ ನಿಲ್ಲದೆ ನಡೆಯಿತು. ಪೇಜ್‌ಮೇಕರ್ ತೆರೆದು ಒಂದು ಲಗ್ನಪತ್ರಿಕೆ ತಿದ್ದುತ್ತಾ ಮಾವ ಅಂದರು, "ಹೊಸ ಕಾರ್ಡು ಹಾಕಿದ್ಮೇಲೆ ಸ್ಪೀಡ್ ಆಗಿದೆ ಕಣೋ." ನಾನು ಏನೂ ಹೇಳಲಿಲ್ಲ.