ಕಂಪನಿಗಳು ಹಸಿರು ಹಾದಿಗೆ ಬಂದದ್ದು ಹೇಗೆ?

1970ರಲ್ಲಿ ಅಮೆರಿಕ ತನ್ನ ವಾಯುಮಾಲಿನ್ಯ ಕಾಯ್ದೆಯನ್ನು ಬಿಗಿಗೊಳಿಸಿತು. 1975ರ ಮಾದರಿಯ ಕಾರುಗಳು ಉಗುಳುವ ಕಾರ್ಬನ್ ಮೊನಾಕ್ಸೈಡ್, ಹೈಡ್ರೊಕಾರ್ಬನ್ ಶೇ 90ರಷ್ಟು ಇಳಿಯಬೇಕೆಂದು ವಿಧಿಸಿತು. ಅಮೆರಿಕದ ಕಾರು ತಯಾರಿಕೆಯ ಕೇಂದ್ರ ಡೆಟ್ರಾಯಿಟ್‌ನ ದೊಡ್ಡ ಕಂಪನಿಗಳು ಇದು ಆಗದ ಮಾತು ಎಂದು ಪಟ್ಟು ಹಿಡಿದು, 1973ರಲ್ಲಿ ಗಡುವನ್ನೂ ಮುಂದೂಡಿಸಿಕೊಂಡವು. ಆದರೆ ಜಪಾನಿನ ಹೊಂಡಾ ಅಷ್ಟರಲ್ಲೇ ಆ ಮಿತಿಯೊಳಗೆ ನಿಲ್ಲುವ ಎಂಜಿನ್ ಮಾಡಿ ತೋರಿಸಿತ್ತು. ಅದರಲ್ಲಿ ಸಿಲಿಂಡರಿನ ಪಕ್ಕದ ಪುಟ್ಟ ಕೋಣೆಯಲ್ಲಿ ಪೆಟ್ರೋಲ್ ಹೆಚ್ಚಿರುವ ಮಿಶ್ರಣಕ್ಕೆ ಮೊದಲು ಕಿಡಿ ತಾಗುತ್ತದೆ. ಆ ಜ್ವಾಲೆ ಮುಖ್ಯ ಕೋಣೆಗೆ ನುಗ್ಗಿ ಅಲ್ಲಿನ ತೆಳು ಮಿಶ್ರಣವನ್ನು ಪೂರ್ತಿ ಉರಿಸುತ್ತದೆ. 1975ರ ಹೊತ್ತಿಗೆ ಅಮೆರಿಕದ ಕಂಪನಿಗಳೂ ಹೊಗೆಕೊಳವೆಗೆ, ಹೊಗೆಯಲ್ಲಿನ ವಿಷಾನಿಲಗಳ ಅಪಾಯ ತಗ್ಗಿಸುವ ಸಾಧನವಾದ ಕ್ಯಾಟಲಿಟಿಕ್ ಕನ್ವರ್ಟರ್ ಜೋಡಿಸಿದವು. ಸೀಸ ಬೆರೆತ ಪೆಟ್ರೋಲ್ ಅದನ್ನು ಕೆಡಿಸುತ್ತಿದ್ದುದರಿಂದ ಸೀಸರಹಿತ ಪೆಟ್ರೋಲೂ ಬಂತು.

ಅದೇ 1975ರಲ್ಲಿ 3ಎಂ ಕಂಪನಿ, ಮಾಲಿನ್ಯವನ್ನು ಹುಟ್ಟುವಲ್ಲೇ ತಡೆದರೆ ಹಣ ಉಳಿಯುತ್ತದೆಂಬ ಕಾರ್ಯಕ್ರಮ ಶುರುಮಾಡಿತು. ಉಳಿತಾಯ ನಿಜವಾದ ಪ್ರೇರಣೆಯೇ. ಆದರೆ ಖರ್ಚು ಕೈಗೆ ಮರಳದ ಕಡೆ ಅದೊಂದೇ ಸಾಲದು ಎಂಬುದಕ್ಕೆ ಓಜೋನ್ ಪದರದ ಇತಿಹಾಸ ನನಗೆ ಬಲವಾದ ಸಾಕ್ಷಿಯಾಗಿ ಕಾಣುತ್ತದೆ. ಆಗ ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಓಜೋನನ್ನು ನಾಶಮಾಡಬಲ್ಲವೆಂದು ರಸಾಯನವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲೇ ಎಚ್ಚರಿಸಿದ್ದರು. ಸಿಎಫ್‌ಸಿ ತಯಾರಿಸುತ್ತಿದ್ದ ಡ್ಯುಪಾಂಟ್ ಕಂಪನಿ ಬದಲಿ ಅನಿಲ ಹುಡುಕತೊಡಗಿತು. 1980ರ ದಶಕದ ಆರಂಭದಲ್ಲಿ ಸರ್ಕಾರದ ಒತ್ತಡ ಸಡಿಲವಾಯಿತು, ಹುಡುಕಾಟವೂ ನಿಂತಿತು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಜೋನ್ ರಂಧ್ರ ಬೆಳಕಿಗೆ ಬಂತು, 1987ರಲ್ಲಿ ಸಿಎಫ್‌ಸಿ ತಗ್ಗಿಸಲು ದೇಶಗಳ ನಡುವೆ ಮಾಂಟ್ರಿಯಲ್ ಒಪ್ಪಂದವಾಯಿತು. ಮರುವರ್ಷ ಅದೇ ಡ್ಯುಪಾಂಟ್ ಸಿಎಫ್‌ಸಿ ತಯಾರಿಕೆಯನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಘೋಷಿಸಿತು. ಕಳೆದುಹೋದ ಆ ವರ್ಷಗಳನ್ನು ನೆನೆದರೆ ಸಂಕಟವಾಗುತ್ತದೆ.

ನಿಷೇಧವೊಂದೇ ದಾರಿಯಲ್ಲ. ಸ್ವೀಡನ್ 1992ರಲ್ಲಿ ದೊಡ್ಡ ಬಾಯ್ಲರುಗಳ ಮೇಲೆ, ಹೊರಬಿಡುವ ನೈಟ್ರೋಜನ್ ಆಕ್ಸೈಡಿನ ಪ್ರತಿ ಕಿಲೋಗೆ 40 ಕ್ರೋನಾ ಶುಲ್ಕ ಹೇರಿತು. ಹಣ ಖಜಾನೆಯಲ್ಲಿ ಉಳಿಯಲಿಲ್ಲ. ಯಾರು ಎಷ್ಟು ಶಕ್ತಿ ಉತ್ಪಾದಿಸಿದರೋ ಆ ಪ್ರಮಾಣದಲ್ಲಿ ಸ್ಥಾವರಗಳಿಗೇ ಹಿಂದಿರುಗಿತು. ಹೀಗಾಗಿ ಕಡಿಮೆ ಹೊಗೆಯಲ್ಲಿ ಹೆಚ್ಚು ಶಕ್ತಿ ತೆಗೆದವರಿಗೆ ಲಾಭ. ಹೊಗೆಯನ್ನು ಸತತವಾಗಿ ಅಳೆಯುವ ಮಾಪಕಗಳು ಬಂದ ಮೇಲೆ, ಗಾಳಿಯ ಪ್ರಮಾಣ ಮತ್ತು ಉರಿಯ ಉಷ್ಣತೆಯನ್ನು ಸ್ವಲ್ಪ ಹೊಂದಿಸಿದರೂ ಎಷ್ಟು ತಗ್ಗಿಸಬಹುದೆಂಬುದು ಬಾಯ್ಲರ್ ನಡೆಸುವವರ ಕಣ್ಣಿಗೇ ಕಂಡಿತು.

ಅಳತೆ ಸಡಿಲವಾದಲ್ಲಿ ಏನಾಗುತ್ತದೆಂದು 2015ರಲ್ಲಿ ಬಯಲಾಯಿತು. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರನ್ನು ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಅಳವಡಿಸಿತ್ತು. 2017ರಿಂದ ಯುರೋಪಿನಲ್ಲಿ ಹೊಸ ಮಾದರಿಯ ಕಾರುಗಳ ಹೊಗೆಯನ್ನು ಪ್ರಯೋಗಾಲಯದ ಜೊತೆಗೆ ರಸ್ತೆಯ ಮೇಲೂ ಓಡಿಸಿ ಅಳೆಯುತ್ತಾರೆ.