ಗುಣಾಕಾರದ ಮೇಲೆ ನಿಂತ ಕಾಯ್ದೆ

ಬಾಲ್ಟಿಕ್ ಸಮುದ್ರದ ದಡದಲ್ಲಿರುವ, ಸುಮಾರು 13 ಲಕ್ಷ ಜನರ ಪುಟ್ಟ ದೇಶ ಎಸ್ಟೋನಿಯಾ. ಅದರ ಸಂಸತ್ತು 2000ದ ಮಾರ್ಚ್ ತಿಂಗಳಲ್ಲಿ ಡಿಜಿಟಲ್ ಸಹಿ ಕಾಯ್ದೆಯನ್ನು ಅಂಗೀಕರಿಸಿತು. ಕೈಬರಹದ ಸಹಿಗೆ ಎಷ್ಟು ಬೆಲೆಯೋ ಡಿಜಿಟಲ್ ಸಹಿಗೂ ಅಷ್ಟೇ ಬೆಲೆ, ಸರ್ಕಾರಿ ಕಚೇರಿಗಳು ಅದನ್ನು ಒಪ್ಪಲೇಬೇಕು ಎಂಬುದು ಆ ಕಾಯ್ದೆಯ ತಿರುಳು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಅದೇ ವರ್ಷದ್ದು. ಅದೂ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿತು. ಆದರೆ ನಮ್ಮಲ್ಲಿ ಆ ಸಹಿಯ ಸಾಧನ ಬಹುಕಾಲ ಲೆಕ್ಕಪರಿಶೋಧಕರು, ಕಂಪನಿ ನಿರ್ದೇಶಕರು, ಟೆಂಡರ್ ಹಾಕುವ ಗುತ್ತಿಗೆದಾರರ ಕೈಯಲ್ಲೇ ಉಳಿಯಿತು. ಎಸ್ಟೋನಿಯಾ ಮಾತ್ರ 2002ರಿಂದ ವಿತರಿಸಿದ ಕಡ್ಡಾಯ ಗುರುತಿನ ಚೀಟಿಯೊಳಗೇ ಅದನ್ನು ಇಟ್ಟು ಪ್ರತಿಯೊಬ್ಬ ಪ್ರಜೆಗೂ ತಲುಪಿಸಿತು. ಎರಡು ದೇಶಗಳ ದಾರಿ ಬೇರೆಯಾದದ್ದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ.

ಆ ಚೀಟಿಯ ಚಿಪ್‌ನಲ್ಲಿ ಖಾಸಗಿ ಕೀಲಿ ಎಂಬ ಗುಟ್ಟಿನ ಸಂಖ್ಯೆಯಿದೆ. ಗುರುತು ಖಚಿತಪಡಿಸಲು ಒಂದು ಪಿನ್, ಸಹಿ ಹಾಕಲು ಇನ್ನೊಂದು ಪಿನ್. ಪತ್ರದ ಸಾರವನ್ನು ಕಂಪ್ಯೂಟರ್ ಒಂದು ಸಂಖ್ಯೆಯಾಗಿ ಹಿಂಡಿ ಚಿಪ್‌ಗೆ ಕೊಡುತ್ತದೆ. ಚಿಪ್ ಅದರ ಮೇಲೆ ಖಾಸಗಿ ಕೀಲಿಯಿಂದ ಲೆಕ್ಕ ಮಾಡಿ ಉತ್ತರವನ್ನಷ್ಟೇ ಹೊರಗೆ ಕಳುಹಿಸುತ್ತದೆ. ಕೀಲಿ ಎಂದೂ ಚಿಪ್ ದಾಟಿ ಬರುವುದಿಲ್ಲ. ಅದಕ್ಕೆ ಜೋಡಿಯಾದ ಸಾರ್ವಜನಿಕ ಕೀಲಿ ಎಲ್ಲರಿಗೂ ತಿಳಿದಿರುವುದರಿಂದ, ಸಹಿ ಅಸಲಿಯೇ, ಪತ್ರದ ಒಂದು ಅಕ್ಷರವಾದರೂ ನಂತರ ಬದಲಾಗಿದೆಯೇ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಸಾರ್ವಜನಿಕ ಕೀಲಿಯಿಂದ ಖಾಸಗಿ ಕೀಲಿಯನ್ನು ಕಂಡುಹಿಡಿಯಲಾಗದು ಎಂಬ ಭರವಸೆಯ ಮೂಲ ಶಾಲೆಯ ಗಣಿತದಲ್ಲೇ ಇದೆ. 89 ಮತ್ತು 97 ಎಂಬ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ 8,633 ಎಂದು ಹೇಳುವುದು ಸುಲಭ. 8,633 ಕೊಟ್ಟು, ಇದು ಯಾವ ಎರಡು ಅವಿಭಾಜ್ಯಗಳ ಗುಣಲಬ್ಧ ಎಂದು ಕೇಳಿದರೆ ಒಂದೊಂದಾಗಿ ಭಾಗಿಸಿ ನೋಡುತ್ತಾ ಕೂರಬೇಕು. ಈ ಗುಣಾಕಾರವನ್ನೇ ನಂಬಿದ ವಿಧಾನಕ್ಕೆ ಆರ್‌ಎಸ್‌ಎ ಎಂದು ಹೆಸರು. ಎಸ್ಟೋನಿಯಾದ ಚೀಟಿಯಲ್ಲಿದ್ದ ಆರ್‌ಎಸ್‌ಎ ಕೀಲಿಯ ಗುಣಲಬ್ಧಕ್ಕೆ 617 ಅಂಕಿಗಳು. ಅಷ್ಟು ದೊಡ್ಡ ಸಂಖ್ಯೆಯನ್ನು ಒಡೆಯುವುದು ಇಂದಿನ ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ, ಆದರೆ ಅದರ ಎರಡು ಅವಿಭಾಜ್ಯಗಳನ್ನು ನಿಜಕ್ಕೂ ಯಾದೃಚ್ಛಿಕವಾಗಿ, ಎಂದರೆ ಯಾವ ಕ್ರಮವೂ ಇಲ್ಲದೆ, ಆರಿಸಿರಬೇಕು.

ಈ ಚೀಟಿಯ ಬಲದ ಮೇಲೆ ದೇಶ ಬಹಳಷ್ಟನ್ನು ಕಟ್ಟಿತು. ಎಕ್ಸ್-ರೋಡ್ ಎಂಬ ಜಾಲದಲ್ಲಿ ಇಲಾಖೆಗಳು ತಮ್ಮ ದತ್ತಾಂಶವನ್ನು ತಮ್ಮಲ್ಲೇ ಇಟ್ಟುಕೊಂಡು, ಅಗತ್ಯವಾದಷ್ಟನ್ನು ಮಾತ್ರ ಸಹಿಯೊಂದಿಗೆ ವಿನಿಮಯ ಮಾಡಿಕೊಳ್ಳುತ್ತವೆ. ಒಂದೇ ಮಾಹಿತಿಗಾಗಿ ಬೇರೆ ಬೇರೆ ದತ್ತಸಂಚಯಗಳನ್ನು ಕಟ್ಟುವುದನ್ನು ಅಲ್ಲಿನ ಕಾನೂನೇ ನಿಷೇಧಿಸಿದೆ. ಒಮ್ಮೆ ಕೊಟ್ಟ ಜನ್ಮದಾಖಲೆಯ ನಕಲನ್ನು ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗುವ ಕಷ್ಟವನ್ನು ಬಲ್ಲವರಿಗೆ ಈ ಒಂದು ನಿಯಮದ ಬೆಲೆ ಬಿಡಿಸಿ ಹೇಳಬೇಕಿಲ್ಲ. 2005ರಿಂದ ಅಂತರಜಾಲದಲ್ಲಿ ಮತ ಹಾಕಲೂ ಇದೇ ಚೀಟಿ ಸಾಕು.

2017ರಲ್ಲಿ ಚೆಕ್ ಗಣರಾಜ್ಯದ ಬ್ರನೋ ನಗರದ ಮಸಾರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹಯೋಗಿಗಳು ಈ ಅಡಿಪಾಯದಲ್ಲೇ ಒಂದು ಬಿರುಕನ್ನು ಕಂಡರು. ಚಿಪ್ ಪುಟ್ಟದು, ಅದರ ಲೆಕ್ಕದ ಶಕ್ತಿ ಅಲ್ಪ. ದೊಡ್ಡ ಅವಿಭಾಜ್ಯಗಳನ್ನು ಬೇಗ ಹುಡುಕಲೆಂದು ಅದರೊಳಗಿನ ತಂತ್ರಾಂಶ ಒಂದು ನಿರ್ದಿಷ್ಟ ರೂಪದ ಸಂಖ್ಯೆಗಳಲ್ಲೇ ಹುಡುಕುತ್ತಿತ್ತು. ಇಡೀ ಕಾಡಿನಲ್ಲಿ ಎಲ್ಲೋ ಹೂತಿಟ್ಟ ನಿಧಿ ಎಂದುಕೊಂಡದ್ದು ಒಂದೇ ಸಾಲಿನ ಮರಗಳ ಬುಡದಲ್ಲಿ ಇದೆ ಎಂದು ತಿಳಿದಂತಾಯಿತು. 617 ಅಂಕಿಯ ಕೀಲಿಯೊಂದನ್ನು ಒಡೆಯಲು ಕಂಪ್ಯೂಟರಿನ ಒಂದು ಸಂಸ್ಕಾರಕ (ಪ್ರೊಸೆಸರ್) ಹೆಚ್ಚೆಂದರೆ ಸುಮಾರು 140 ವರ್ಷ ದುಡಿಯಬೇಕೆಂದು ಅವರು ಅಂದಾಜಿಸಿದರು. ಕೆಲಸವನ್ನು ಹಂಚಬಹುದಾದ್ದರಿಂದ, ಸಾವಿರ ಸಂಸ್ಕಾರಕಗಳನ್ನು ಬಾಡಿಗೆಗೆ ಪಡೆದವನಿಗೆ ಎರಡು ತಿಂಗಳು ಸಾಕು.

ಆಗಸ್ಟ್ ಕೊನೆಯಲ್ಲಿ ವಿಷಯ ಎಸ್ಟೋನಿಯಾದ ಸರ್ಕಾರಕ್ಕೆ ತಲುಪಿತು. ದೋಷವಿದ್ದದ್ದು ಸುಮಾರು ಏಳೂವರೆ ಲಕ್ಷ ಚೀಟಿಗಳಲ್ಲಿ. ಅಕ್ಟೋಬರ್ 15ಕ್ಕೆ ಸ್ಥಳೀಯ ಚುನಾವಣೆ. ಮುಚ್ಚಿಡುವ ಆಸೆ ಯಾವ ಸರ್ಕಾರಕ್ಕಾದರೂ ಹುಟ್ಟುವಂಥ ಗಳಿಗೆ ಅದು. ಆದರೆ ಸೆಪ್ಟೆಂಬರ್ 5ರಂದು ಪ್ರಧಾನಿ ಯೂರಿ ರಾತಸ್ ಅವರ ಸರ್ಕಾರ ಅದನ್ನು ಬಹಿರಂಗವಾಗಿ ಹೇಳಿತು. ದಾಳಿಗೆ ಬೇಕಾದ ಸಾರ್ವಜನಿಕ ಕೀಲಿಗಳು ಸುಲಭವಾಗಿ ಸಿಗದಂತೆ, ಅಲ್ಲಿಯವರೆಗೆ ಎಲ್ಲರಿಗೂ ತೆರೆದಿದ್ದ ಅವುಗಳ ಕೋಶವನ್ನು ಮುಚ್ಚಲಾಯಿತು. ಚುನಾವಣೆಯಲ್ಲಿ ಹಿಂದಿನ ಯಾವ ಸ್ಥಳೀಯ ಚುನಾವಣೆಗಿಂತಲೂ ಹೆಚ್ಚು ಜನ ಅಂತರಜಾಲದಲ್ಲೇ ಮತ ಹಾಕಿದರು. ಹೇಳಿಬಿಟ್ಟದ್ದರಿಂದ ನಂಬಿಕೆ ಕುಸಿಯಲಿಲ್ಲ ಎಂಬುದನ್ನು ನಾನು ಈ ಕಥೆಯ ಅತ್ಯಂತ ಮುಖ್ಯ ಸಂಗತಿ ಎಂದು ಭಾವಿಸುತ್ತೇನೆ.

ನವೆಂಬರ್ 3ರ ನಡುರಾತ್ರಿ ದೋಷವಿದ್ದ ಚೀಟಿಗಳ ಡಿಜಿಟಲ್ ಪ್ರಮಾಣಪತ್ರಗಳನ್ನು, ಎಂದರೆ ಈ ಕೀಲಿ ಇಂಥವರದೇ ಎಂದು ಸಾರುವ ದಾಖಲೆಗಳನ್ನು, ಅಮಾನತಿನಲ್ಲಿಡಲಾಯಿತು. ಚೀಟಿಯನ್ನು ಬದಲಿಸದೆ, ಮನೆಯ ಕಂಪ್ಯೂಟರಿನಿಂದಲೇ ಹೊಸ ಕೀಲಿ ತುಂಬಿಕೊಳ್ಳಲು ಸಾಧ್ಯವಾದದ್ದು ಎಲಿಪ್ಟಿಕ್ ಕರ್ವ್ ಎಂಬ ಬೇರೊಂದು ಗಣಿತಕ್ಕೂ ಅದೇ ಚಿಪ್‌ನಲ್ಲಿ ಜಾಗವಿದ್ದುದರಿಂದ. ಜನ ಒಮ್ಮೆಲೇ ಮುಗಿಬಿದ್ದಾಗ ಮೊದಲ ದಿನಗಳ ಸರದಿಯನ್ನು ವೈದ್ಯರಂಥವರಿಗೆ ಮೀಸಲಿಟ್ಟರು, ಏಕೆಂದರೆ ಔಷಧ ಚೀಟಿಗೂ ಆ ಸಹಿಯೇ ಬೇಕಿತ್ತು. ಸಿಮ್ ಕಾರ್ಡಿನಲ್ಲಿ ನಡೆಯುವ ಮೊಬೈಲ್ ಗುರುತು ಈ ದೋಷದಿಂದ ಮುಕ್ತವಾಗಿದ್ದುದರಿಂದ ಅದನ್ನು ಹೊಂದಿದವರ ಕೆಲಸ ನಿಲ್ಲಲಿಲ್ಲ. 2018ರ ಮಾರ್ಚ್ ಕೊನೆಯವರೆಗೂ ನವೀಕರಣಕ್ಕೆ ಗಡುವಿತ್ತು.

ಎಲಿಪ್ಟಿಕ್ ಕರ್ವ್ ಕೂಡ ಶಾಶ್ವತವಲ್ಲ. ಪರಮಾಣು ಮಟ್ಟದ ನಿಯಮಗಳನ್ನು ಬಳಸಿ ಲೆಕ್ಕ ಮಾಡುವ ಕ್ವಾಂಟಂ ಕಂಪ್ಯೂಟರ್ ಸಾಕಷ್ಟು ದೊಡ್ಡದಾಗಿ ತಯಾರಾದ ದಿನ ಅದೂ ಆರ್‌ಎಸ್‌ಎಯೂ ಎರಡೂ ಒಡೆಯುತ್ತವೆ ಎಂಬುದನ್ನು ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದ್ದರು. ಅಂಥ ಯಂತ್ರವನ್ನೂ ತಡೆದುಕೊಳ್ಳಬಲ್ಲ ಸಹಿಗಳ ಮೊದಲ ಮಾನಕಗಳನ್ನು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದೆ. ಇಂದು ಡಿಜಿಟಲ್ ಸಹಿ ಬಿದ್ದ ಕ್ರಯಪತ್ರವನ್ನೋ ಸಾಲಪತ್ರವನ್ನೋ ನಲವತ್ತು ವರ್ಷಗಳ ನಂತರ ನ್ಯಾಯಾಲಯವೊಂದು ಪರಿಶೀಲಿಸಬೇಕಾಗಬಹುದು. ಹಳೆಯ ಗಣಿತ ಸೋಲುವ ಮೊದಲೇ ಅಂಥ ಪತ್ರಗಳಿಗೆಲ್ಲ ಹೊಸ ಗಣಿತದ ಮುದ್ರೆ ಒತ್ತುವ ಕೆಲಸ ಎಸ್ಟೋನಿಯಾದ ಮುಂದೆಯೂ ಇದೆ, 2000ರಲ್ಲಿ ಅಂಥದೇ ಕಾಯ್ದೆ ಮಾಡಿದ ನಮ್ಮ ಮುಂದೆಯೂ ಇದೆ.